ಅಟ್ಟದ ಮ್ಯಾಲಿನ ಚೀನಿ ಭರಣಿ

ಮನಿಗೆ ಸುಣ್ಣ ಹಚ್ಚೂ ಮುಂದ ನಮ್ಮ ಅತ್ತಿಯವರ ಚೀನಿ ಭರಣಿ ಅಟ್ಟದಿಂದ ಕೆಳಗ ಇಳೀತು. ಮ್ಯಾಲ ಕಂದು, ಕೆಳಗ ಬೆಣ್ಣಿ ಬಣ್ಣ. "ಅತ್ತಿ, ಇದ ಗುಜರಿಗೆ ಕೊಟ್ಟಬಿಡೂಣು" ಅಂದ್ಳು ಸೊಸಿ. ಕೊಡೂಕಿಂತ ಮೊದಲ ಇದರ ಕಥಿ ಕೇಳ್ರಿ, ಅಕ್ಕ-ತಂಗ್ಯಾರೆ.

ನಮ್ಮ ಕುಂಬಾರರ ಗಡಗಿ 1000 ಡಿಗ್ರಿಗಿಂತ ಕಡಿಮಿ ಕಾವಿನ್ಯಾಗ ಸುಡ್ತದ. ಅದರ ಮೈಯಾಗ ಸಣ್ಣ ತೂತು ಉಳಿತಾವ, ನೀರು ಜಿನುಗಿ ತಂಪಾಗ್ತದ. ಬ್ಯಾಸಗಿಗೆ ಅದೇ ಬೇಕು. ಆದ್ರ ಉಪ್ಪಿನಕಾಯಿ ಹಾಕಿದ್ರ ಎಣ್ಣಿ, ಉಪ್ಪು ಹೊರಗ ಬರ್ತಾವ. ತಾಮ್ರ, ಹಿತ್ತಾಳಿನ್ಯಾಗ ಹಾಕಿದ್ರ ಹುಳಿಗೆ ಕಿಲುಬು ಏಳ್ತದ. ಭರಣಿಯ ಮಣ್ಣು 1200 ಡಿಗ್ರಿ ಸುತ್ತ ಸುಟ್ಟು ಕಲ್ಲಿನಂಗ ಆಗಿರ್ತದ. ಸುಡೂ ಮುಂಚೆ ಕಲ್ಲಿನ ಪುಡಿ ಕಲಸಿದ ನೀರಿನ್ಯಾಗ ಅದ್ದಿರ್ತಾರ. ಭಟ್ಟಿಯೊಳಗ ಆ ಪುಡಿ ಕರಗಿ ಗಾಜಿನ ಮೆರುಗು ಆಗ್ತದ. ಕಬ್ಬಿಣದ ಅಂಶ ಇದ್ದರ ಕಂದು ಬಣ್ಣ.

ಮೆರುಗು ನಮ್ಮ ಭಾಗಕ್ಕ ಹೊಸದಲ್ಲ. ಚಿಂಚೋಳಿ ದಾಟಿ ಹೋದ್ರ ಬೀದರ. ಅಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಗ್ವಾಡಿ ಮ್ಯಾಲ ಬಣ್ಣದ ಹೆಂಚು ಇನ್ನೂ ಅಲ್ಲಲ್ಲಿ ಹೊಳಿತಾವ. ಅದು ಗ್ವಾಡಿಯ ಸಿಂಗಾರ, ಅಡಗಿಮನಿ ಸಾಮಾನಲ್ಲ. ಭಾರದ, ಒಡಿಯೂ ಭರಣಿ ದೂರದಿಂದ ತರಲಿಕ್ಕ ಚಕ್ಕಡಿ ಸಾಲೂದಿಲ್ಲ. 1874ರಾಗ ವಾಡಿಯಿಂದ ಸಿಕಂದರಾಬಾದಕ್ಕ ನಿಜಾಮರ ರೈಲು ಶುರು ಆತು. ಚಿತ್ತಾಪುರ, ಸೇಡಂ ಅದರ ಹಾದಿ. ಶಹಾಬಾದ ಮುಂಬೈ ಲೈನಿನ ಮ್ಯಾಲ. ರೈಲು ಕಾಣದ ಚಿಂಚೋಳಿಯವರಿಗೆ ತಾಂಡೂರೇ ಹತ್ತಿರದ ಟೇಸನ್ನು.

ಭರಣಿ ಬಂದ ಮ್ಯಾಲ ಹೆಂಗಸರಿಗೆ ಒಂದು ಧೈರ್ಯ ಬಂತು. ಮಾವಿನಕಾಯಿ ಸಿಗೂದು ವರ್ಷಕ್ಕ ಎರಡು ತಿಂಗಳು, ರೊಟ್ಟಿ ತಿನ್ನೂದು ಹನ್ನೆರಡು ತಿಂಗಳು. ಮಳಿ ಕೈಕೊಟ್ಟು ಕಾಯಿಪಲ್ಯಾ ಇಲ್ಲದ ವರ್ಷ ಮನಿ ಮರ್ಯಾದಿ ಉಳಿಸಿದ್ದು ಇದೇ.

ಈಗ ಜಾತ್ರಿ, ಪ್ರದರ್ಶನದಾಗ ಕೈಲೆ ಮಾಡಿದ ಬಣ್ಣಬಣ್ಣದ ಹೂದಾನಿ ಬರ್ತಾವ. ಚಂದ ಅವ ಅಂತ ಅದರಾಗ ಉಪ್ಪಿನಕಾಯಿ ತುಂಬಬ್ಯಾಡ್ರಿ. ಕಡಿಮಿ ಕಾವಿಗೆ ಕರಗಲಿ ಅಂತ ಕೆಲವು ಮೆರುಗಿನ್ಯಾಗ ಸೀಸ ಹಾಕಿರ್ತಾರ, ಹುಳಿಗೆ ಅದು ಬಿಟ್ಟು ಬರ್ತದ. ಬುಡದಾಗ ಮೆರುಗು ಇಲ್ಲದ ಕಡಿ ಒಂದು ಹನಿ ನೀರು ಇಟ್ಟು ನೋಡ್ರಿ: ಹೀರಿಕೊಂಡ್ರ ಅದು ಕಡಿಮಿ ಕಾವಿನದು, ಹೂವಿಗೆ ಇರಲಿ. ಹೀರದಿದ್ರೂ, ಊಟಕ್ಕ ನಡಿತದೇನು ಅಂತ ಮಾಡಿದವರನ್ನ ಕೇಳ್ರಿ.

ನಮ್ಮ ಭರಣಿ ಗುಜರಿಗೆ ಹೋಗಲಿಲ್ಲ. ಬಾಯಿ ಹತ್ರ ಚೂರು ಎದ್ದದ, ಉಪ್ಪಿನಕಾಯಿಗೆ ಬರೂದಿಲ್ಲ. ಈಗ ಅದರಾಗ ಸೇವಂತಿಗಿ ಇಡ್ತೀವಿ. ನೀರು ಬದಲಿ ಮಾಡೂದು ಸೊಸಿಯ ಕೆಲಸ.