ಹೆಸರಿಲ್ಲದ ತಾಳ: ‘ಫ್ಯೂಚರ್ ನಾಸ್ಟಾಲ್ಜಿಯಾ’ ಆಲ್ಬಮ್ಮಿನ ಋಣಗಳು

ಬ್ರಿಟನ್ನಿನ ಗಾಯಕಿ ದುವಾ ಲಿಪಾ ಅವರ ಎರಡನೆಯ ಆಲ್ಬಮ್ ‘ಫ್ಯೂಚರ್ ನಾಸ್ಟಾಲ್ಜಿಯಾ’ ಬಿಡುಗಡೆಯಾದದ್ದು 2020ರ ಮಾರ್ಚ್ 27ರಂದು. ನಾಲ್ಕು ದಿನ ಮುಂಚೆಯಷ್ಟೇ ಆ ದೇಶದಲ್ಲಿ ಲಾಕ್‌ಡೌನ್ ಜಾರಿಯಾಗಿತ್ತು. ಏಪ್ರಿಲ್ 3ಕ್ಕೆ ಬರಬೇಕಿದ್ದ ಆಲ್ಬಮ್, ಹಾಡುಗಳು ಸೋರಿಕೆಯಾದ ಮೇಲೆ ಒಂದು ವಾರ ಮೊದಲೇ ಹೊರಬಂತು. ಕುಣಿಯುವ ಜಾಗಗಳೆಲ್ಲ ಬಾಗಿಲು ಹಾಕಿದ ವಾರದಲ್ಲಿ ಕೇಳುಗರ ಕೈಗೆ ಸಿಕ್ಕಿದ್ದು ಹನ್ನೊಂದು ಹಾಡುಗಳ, 37 ನಿಮಿಷಗಳ ಕುಣಿತದ ಸಂಗೀತ. ಮರುವರ್ಷ ಅದಕ್ಕೆ ಅತ್ಯುತ್ತಮ ಪಾಪ್ ಗಾಯನ ಆಲ್ಬಮ್ಮಿನ ಗ್ರ್ಯಾಮಿ ಬಂತು, ವರ್ಷದ ಬ್ರಿಟಿಷ್ ಆಲ್ಬಮ್ ಎಂಬ ಬ್ರಿಟ್ ಪ್ರಶಸ್ತಿಯೂ ಬಂತು.

ಮನೆಯಲ್ಲಿ ಕೂಡಿಹಾಕಿದಂತಿದ್ದ ಜನ ಹಳೆಯ ಒಳ್ಳೆಯ ದಿನಗಳಿಗೆ ಹಂಬಲಿಸಿದರು, ಆಲ್ಬಮ್ ಅದಕ್ಕೇ ಗೆದ್ದಿತು ಎಂಬ ವಿವರಣೆ ಆಗ ಎಲ್ಲೆಡೆ ಓಡಾಡಿತು. ಅದು ಅರ್ಧ ಸತ್ಯ. ಆಲ್ಬಮ್ಮಿನಿಂದ ಮೊದಲು ಬಿಡುಗಡೆಯಾದ ಹಾಡು ‘ಡೋಂಟ್ ಸ್ಟಾರ್ಟ್ ನೌ’ ಬಂದದ್ದು 2019ರ ಶರತ್ಕಾಲದಲ್ಲಿ, ಕೋವಿಡ್ ಸೋಂಕಿನ ಸುದ್ದಿಯೇ ಇಲ್ಲದಾಗ. ಹಾಡಿದವರು ಹುಟ್ಟಿದ್ದೇ 1995ರಲ್ಲಿ. ಅವರು ನೆನೆಯುವ ಎಪ್ಪತ್ತರ ದಶಕದ ಡಿಸ್ಕೊ ಯುಗ ಅವರ ಬದುಕಿನ ನೆನಪಲ್ಲ. ಲೇಖಕಿ ಸ್ವೆಟ್ಲಾನಾ ಬಾಯ್ಮ್ ‘ದಿ ಫ್ಯೂಚರ್ ಆಫ್ ನಾಸ್ಟಾಲ್ಜಿಯಾ’ (2001) ಗ್ರಂಥದಲ್ಲಿ ಗತಕಾಲದ ಹಂಬಲವನ್ನು ಎರಡಾಗಿ ವಿಂಗಡಿಸಿದ್ದರು: ಕಳೆದದ್ದನ್ನು ಹಾಗೆಯೇ ಮತ್ತೆ ಕಟ್ಟಲು ಹೊರಡುವುದು ಒಂದು, ಕಳೆದದ್ದು ಕಳೆದೇಹೋಯಿತು ಎಂಬ ಅರಿವಿನಲ್ಲಿ ಅದರೊಡನೆ ಆಡುವುದು ಇನ್ನೊಂದು. ಲಿಪಾ ಅವರದು ಎರಡನೆಯ ಬಗೆ. ಬಾಯ್ಮ್ ಗ್ರಂಥದ ಹತ್ತು ವರ್ಷದ ಬಳಿಕ ಸಂಗೀತ ವಿಮರ್ಶಕ ಸೈಮನ್ ರೆನಲ್ಡ್ಸ್ ‘ರೆಟ್ರೊಮೇನಿಯಾ’ ಪುಸ್ತಕದಲ್ಲಿ, ಪಾಪ್ ಸಂಗೀತ ತನ್ನದೇ ಹಳೆಯ ಸರಕನ್ನು ಮೇಯುತ್ತ ಕೂತಿದೆ ಎಂದು ದೂರಿದರು. ಆ ದೂರನ್ನು ಒಪ್ಪುವ ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ಯಾವುದನ್ನು ಯಾರಿಂದ ತಂದರು, ಯಾರ ಹೆಸರು ಬರೆದರು?

ಡಿಸ್ಕೊದ ಬೆನ್ನೆಲುಬು ಅದರ ತಾಳ. ನಾಲ್ಕು ಎಣಿಕೆಯಲ್ಲೂ ಬೇಸ್ ಡ್ರಮ್ಮಿನ ಪೆಟ್ಟು ಬೀಳುತ್ತದೆ. ಎರಡು ಪೆಟ್ಟುಗಳ ನಡುವಿನ ತೆರಪಿನಲ್ಲಿ ಹೈ-ಹ್ಯಾಟ್ ತಟ್ಟೆಗಳು ತೆರೆದು ‘ತ್ಸ್’ ಎನ್ನುತ್ತವೆ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರಕ್ಕೆ ಇಳಯರಾಜಾ ಮಾಡಿದ ಹಾಡುಗಳಿಗೆ ಕಾಲು ಕುಣಿಸಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ನಡೆಯನ್ನು ರೂಢಿಗೆ ತಂದ ಶ್ರೇಯ ಸಾಮಾನ್ಯವಾಗಿ ಸಲ್ಲುವುದು ಫಿಲಡೆಲ್ಫಿಯಾದ ಡ್ರಮ್ ವಾದಕ ಅರ್ಲ್ ಯಂಗ್ ಅವರಿಗೆ. 1973ರ ‘ದ ಲವ್ ಐ ಲಾಸ್ಟ್’ ಹಾಡಿನಲ್ಲಿ ಅವರು ನುಡಿಸಿದ್ದು ಮುಂದೆ ಇಡೀ ಒಂದು ಸಂಗೀತದ ವ್ಯಾಕರಣವಾಯಿತು. ಬೇಸ್ ಗಿಟಾರಿನಲ್ಲಿ ಅದೇ ಕೆಲಸ ಮಾಡಿದವರು ‘ಷೀಕ್’ ತಂಡದ ಬರ್ನಾರ್ಡ್ ಎಡ್ವರ್ಡ್ಸ್. 1977ರಲ್ಲಿ ನಿರ್ಮಾಪಕ ಜಾರ್ಜಿಯೊ ಮೊರೊಡರ್ ಗಾಯಕಿ ಡಾನಾ ಸಮ್ಮರ್ ಅವರ ‘ಐ ಫೀಲ್ ಲವ್’ ಹಾಡಿನ ಹಿಮ್ಮೇಳವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮೂಗ್ ಸಿಂಥಸೈಜರಿನಲ್ಲೇ ಕಟ್ಟಿದರು.

1979ರ ಜುಲೈ 12ರಂದು ಶಿಕಾಗೊದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳ ರಾಶಿಯನ್ನು ಸಿಡಿಸಿದರು. ಡಿಸ್ಕೊವನ್ನು ಬೆಳೆಸಿದವರಲ್ಲಿ ಕಪ್ಪು ಜನ, ಲ್ಯಾಟಿನೋಗಳು, ಸಲಿಂಗಿಗಳು ಮುಂಚೂಣಿಯಲ್ಲಿದ್ದರೆಂಬುದನ್ನು ನೆನೆದರೆ ಆ ಸಿಡಿತ ಬರೀ ಅಭಿರುಚಿಯ ಜಗಳವಾಗಿ ಕಾಣುವುದಿಲ್ಲ. ಡಿಸ್ಕೊ ಎಂಬ ಹೆಸರು ಮೂಲೆಗೆ ಸರಿಯಿತು. ತಾಳ ಮಾತ್ರ ವೇಷ ಬದಲಿಸಿ ನ್ಯೂ ವೇವ್ ತಂಡಗಳ ಮನೆ ಹೊಕ್ಕಿತು. ‘ಬ್ಲಾಂಡಿ’ಯ ‘ಹಾರ್ಟ್ ಆಫ್ ಗ್ಲಾಸ್’ ಆಗಲೇ ರೋಲಂಡ್ ತಾಳಯಂತ್ರದ ಮೇಲೆ ಓಡುತ್ತಿತ್ತು. ‘ಹ್ಯೂಮನ್ ಲೀಗ್’ ತಂಡದ ‘ಡೇರ್’ (1981), ‘ನ್ಯೂ ಆರ್ಡರ್’ ತಂಡದ ‘ಬ್ಲೂ ಮಂಡೇ’ (1983) ಅದೇ ದಾರಿ ಹಿಡಿದವು.

ಲಿಪಾ ಅವರ ಆಲ್ಬಮ್ಮಿಗೆ ಡಿಸ್ಕೊ, ನ್ಯೂ ವೇವ್ ಎಂಬ ಈ ಎರಡು ಮನೆಗಳೂ ತವರು. ‘ಡೋಂಟ್ ಸ್ಟಾರ್ಟ್ ನೌ’ ನಿಮಿಷಕ್ಕೆ ಸುಮಾರು 124 ಪೆಟ್ಟಿನ ವೇಗದ್ದು; ಅದರ ಬೇಸ್ ಗಿಟಾರ್ ಎಡ್ವರ್ಡ್ಸ್ ಅವರ ಪಾಠಶಾಲೆಯಲ್ಲೇ ಕಲಿತಂತಿದೆ. 147ರ ಆಸುಪಾಸಿನಲ್ಲಿ ಧಾವಿಸುವ ‘ಫಿಸಿಕಲ್’ ಮಾತ್ರ ಎಂಬತ್ತರ ದಶಕದ ಸಿಂಥಸೈಜರ್ ಪಾಪ್. ಶೀರ್ಷಿಕೆ 1981ರ ಆಲಿವಿಯಾ ನ್ಯೂಟನ್-ಜಾನ್ ಹಾಡಿನದು. ‘ಲೆವಿಟೇಟಿಂಗ್’ ಕೇವಲ 103ರ ನಡಿಗೆಯಲ್ಲಿ ಸಾಗುತ್ತದೆ. ಅದನ್ನು ನಿರ್ಮಾಪಕ ಕಾಜ಼್ ಜೊತೆ ಸೇರಿ ರೂಪಿಸಿದವರು ಸ್ಟುವರ್ಟ್ ಪ್ರೈಸ್. 2005ರಲ್ಲಿ ಮಡೋನಾ ಅವರ ‘ಕನ್ಫೆಷನ್ಸ್ ಆನ್ ಎ ಡಾನ್ಸ್ ಫ್ಲೋರ್’ ಆಲ್ಬಮ್ಮಿನಲ್ಲಿ ಇಂಥದೇ ಹಿಂತಿರುಗು ನಡೆಯನ್ನು ಸಾಧಿಸಿದವರು ಅವರೇ. ಅಂದರೆ 2020ರ ಈ ‘ಹಳೆಯದು’ ಎಪ್ಪತ್ತರ ದಶಕದಿಂದ ನೇರವಾಗಿ ಇಳಿದುಬಂದದ್ದಲ್ಲ. ನಡುವೆ ಹಲವು ಕೈ ದಾಟಿದೆ.

ಇದಕ್ಕೆ ‘ಲವ್ ಅಗೇನ್’ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದರಲ್ಲಿ ಮರಳಿ ಮರಳಿ ಕೇಳುವ ಟ್ರಂಪೆಟ್ ತುಣುಕು 1932ರದು. ಲ್ಯೂ ಸ್ಟೋನ್ ವಾದ್ಯವೃಂದ, ಗಾಯಕ ಆಲ್ ಬೌಲಿ, ಹಾಡು ‘ಮೈ ವುಮನ್’. ಆ ತುಣುಕನ್ನು ಮರೆವಿನಿಂದ ಎತ್ತಿ ತಂದವರು ಜ್ಯೋತಿ ಮಿಶ್ರಾ. ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಅವರು ‘ವೈಟ್ ಟೌನ್’ ಎಂಬ ಹೆಸರಿನಲ್ಲಿ ಮನೆಯಲ್ಲೇ, ಕ್ಯಾಸೆಟ್ಟಿನ ಮೇಲೆ ‘ಯುವರ್ ವುಮನ್’ ಧ್ವನಿಮುದ್ರಿಸಿದರು. 1997ರ ಜನವರಿಯಲ್ಲಿ ಅದು ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. ಹೀಗೆ 1932ರ ನಾದ 1997ರ ಮಲಗುವ ಕೋಣೆಯನ್ನು ಹಾದು 2020ರ ಡಿಸ್ಕೊ ಪಿಟೀಲುಗಳ ನಡುವೆ ಬಂದು ಕೂತಿದೆ. ‘ಲವ್ ಅಗೇನ್’ ಹಾಡಿನ ರಚನಕಾರರ ಪಟ್ಟಿಯಲ್ಲಿ ಬಿಂಗ್ ಕ್ರಾಸ್ಬಿ ಹೆಸರು ಕಂಡು ಬೆರಗಾಗುವವರುಂಟು. ‘ಮೈ ವುಮನ್’ ಬರೆದವರಲ್ಲಿ ಅವರೂ ಒಬ್ಬರು. ‘ಬ್ರೇಕ್ ಮೈ ಹಾರ್ಟ್’ ಕಥೆಯೂ ಹೀಗೆಯೇ: ಅದರ ಸ್ವರಚಲನೆ ಆಸ್ಟ್ರೇಲಿಯಾದ ‘ಇನ್‌ಎಕ್ಸೆಸ್’ ತಂಡದ ‘ನೀಡ್ ಯು ಟುನೈಟ್’ (1987) ಗಿಟಾರ್ ನುಡಿಸಾಣಿಕೆಯನ್ನು ಹೋಲುತ್ತದೆ, ಆ್ಯಂಡ್ರೂ ಫ್ಯಾರಿಸ್ ಮತ್ತು 1997ರಲ್ಲೇ ತೀರಿಕೊಂಡ ಮೈಕೆಲ್ ಹಚೆನ್ಸ್ ಇಬ್ಬರಿಗೂ ರಚನಕಾರರ ಸಾಲಿನಲ್ಲಿ ಜಾಗ ಕೊಡಲಾಗಿದೆ.

ಇವು ಹೆಸರು ಹಿಡಿದು ತೀರಿಸಿದ ಋಣಗಳು. ಗುರುತಿಸಬಹುದಾದ ಸ್ವರಪಂಕ್ತಿಗೆ, ಕತ್ತರಿಸಿ ತಂದ ಧ್ವನಿಮುದ್ರಣಕ್ಕೆ ಒಡೆಯನಿರುತ್ತಾನೆ. ತಾಳಕ್ಕೆ?

ಉತ್ತರ ನ್ಯಾಯಾಲಯದಿಂದ ಬಂತು. ‘ಲೆವಿಟೇಟಿಂಗ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನ ದಾಟದಿದ್ದರೂ 2021ರ ಇಡೀ ವರ್ಷದ ಲೆಕ್ಕದಲ್ಲಿ ಮೊದಲನೆಯದಾಯಿತು. ಹಾಡು ಗೆದ್ದ ಮೇಲೆ ದಾವೆಗಳೂ ಹಿಂಬಾಲಿಸಿದವು. ಗೀತರಚನಕಾರರಾದ ಎಲ್. ರಸೆಲ್ ಬ್ರೌನ್ ಮತ್ತು ಸ್ಯಾಂಡಿ ಲಿನ್ಜರ್, ತಮ್ಮ ಹಕ್ಕಿನಲ್ಲಿದ್ದ ‘ವಿಗಲ್ ಆ್ಯಂಡ್ ಗಿಗಲ್ ಆಲ್ ನೈಟ್’ (1979) ಹಾಗೂ ‘ಡಾನ್ ಡಯಾಬ್ಲೊ’ (1980) ಹಾಡುಗಳ ಸ್ವರಗಳನ್ನೇ ‘ಲೆವಿಟೇಟಿಂಗ್’ ಎತ್ತಿಕೊಂಡಿದೆ ಎಂದು 2022ರಲ್ಲಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. 2025ರ ಮಾರ್ಚಿನಲ್ಲಿ ನ್ಯಾಯಾಧೀಶೆ ಕ್ಯಾಥರಿನ್ ಪೋಕ್ ಫಾಯ್ಲಾ ಅದನ್ನು ವಜಾ ಮಾಡಿದರು. ಅವರೋಹಣದಲ್ಲಿ ಇಳಿಯುವ ಅಂಥ ಸ್ವರಸರಣಿ ಮೊಜಾರ್ಟ್‌ನಲ್ಲೂ, ಗಿಲ್ಬರ್ಟ್-ಸಲಿವನ್ ಗೀತನಾಟಕಗಳಲ್ಲೂ, ‘ಬೀ ಜೀಸ್’ ತಂಡದ ‘ಸ್ಟೇಯಿಂಗ್ ಅಲೈವ್’ನಲ್ಲೂ ಇದೆ, ಡಿಸ್ಕೊ ಛಾಯೆಯ ಪಾಪ್ ಎಂಬ ಶೈಲಿ ಯಾರೊಬ್ಬರ ಸ್ವತ್ತೂ ಅಲ್ಲ ಎಂಬುದು ತೀರ್ಪಿನ ತಿರುಳು.

ತೀರ್ಪು ಸರಿಯಾದದ್ದೇ. ಇಲ್ಲದಿದ್ದರೆ ಯಾವ ಹೊಸ ಹಾಡೂ ಹುಟ್ಟಲಾರದು. ಆದರೆ ಅದರ ನೆರಳಲ್ಲಿ ಒಂದು ಅಸಮತೋಲ ಉಳಿಯುತ್ತದೆ. ಒಂದು ಗಿಟಾರ್ ಪಲುಕು ಕಟ್ಟಿದವರಿಗೆ ರಚನಕಾರರ ಪಟ್ಟ ಸಿಕ್ಕರೆ, ಹನ್ನೊಂದರಲ್ಲಿ ಬಹುಪಾಲು ಹಾಡುಗಳು ಯಾವುದರ ಮೇಲೆ ನಿಂತಿವೆಯೋ ಆ ತಾಳ ಕಟ್ಟಿದವರಿಗೆ ಏನೂ ಇಲ್ಲ. ಆಲ್ಬಮ್ ಆ ತಾಳಕ್ಕೆ ಎಷ್ಟು ಋಣಿ ಎಂಬುದನ್ನು ಅದರ ಕೊನೆಯ ಎರಡು ಹಾಡುಗಳೇ ತಿರುವಿ ತೋರಿಸುತ್ತವೆ. ‘ಗುಡ್ ಇನ್ ಬೆಡ್’ ಮತ್ತು ಮಕ್ಕಳ ಗಾಯನವೃಂದವಿರುವ ‘ಬಾಯ್ಸ್ ವಿಲ್ ಬಿ ಬಾಯ್ಸ್’ ಕುಣಿತದ ನೆಲವನ್ನು ಬಿಟ್ಟು ಹೊರಡುತ್ತವೆ. ಎರಡನೆಯದರ ಸ್ತ್ರೀವಾದಿ ಆಶಯ ಗಟ್ಟಿಯಾಗಿದ್ದರೂ ಅಲ್ಲಿಯವರೆಗೆ ಹಿಡಿದಿಟ್ಟ ಬಿಗಿ ಸಡಿಲವಾಗುತ್ತದೆ. ಒಂಬತ್ತು ಹಾಡುಗಳಿಗೇ ಮುಗಿಸಿದ್ದರೆ ಲೇಸಿತ್ತು.

ಯಾರ ಹೆಸರು ಬರೆಯಬೇಕು ಎಂಬ ಇದೇ ಪ್ರಶ್ನೆ ಭಾರತದ ನೆಲದಲ್ಲೂ ಎದ್ದಿತು. 2024ರ ನವೆಂಬರ್ 30ರಂದು ಮುಂಬೈ ಕಛೇರಿಯಲ್ಲಿ ಲಿಪಾ, ‘ಲೆವಿಟೇಟಿಂಗ್’ಗೆ ‘ಬಾದ್‌ಶಾ’ (1999) ಚಿತ್ರದ ‘ವೋ ಲಡ್ಕಿ ಜೋ’ ಬೆಸೆದ, ಅಭಿಮಾನಿಗಳ ನಡುವೆ ಆಗಲೇ ಹರಿದಾಡುತ್ತಿದ್ದ ಮಿಶ್ರಣಕ್ಕೆ ಕುಣಿದರು. ಮರುದಿನ ಜನ ಅದನ್ನು ಶಾರುಖ್ ಖಾನ್ ಹಾಡೆಂದು ಕೊಂಡಾಡಿದಾಗ, ಹಾಡಿದ ಅಭಿಜಿತ್ ಭಟ್ಟಾಚಾರ್ಯ ಅವರ ಹೆಸರೆಲ್ಲಿ ಎಂಬ ಆಕ್ಷೇಪ ಕೇಳಿಬಂತು. ಸಂಗೀತ ನೀಡಿದ ಅನು ಮಲಿಕ್ ಅವರನ್ನು ನೆನೆದವರು ಇನ್ನೂ ಕಡಿಮೆ.

‘ಫ್ಯೂಚರ್ ನಾಸ್ಟಾಲ್ಜಿಯಾ’ ಕದ್ದ ಆಲ್ಬಮ್ ಅಲ್ಲ. ಕಾನೂನು ಕೇಳಿದ್ದನ್ನೆಲ್ಲ ಅದು ಕೊಟ್ಟಿದೆ. ಕಾನೂನು ಕೇಳದ ಋಣವನ್ನು ಗುರುತಿಸುವ ಕೆಲಸ ಸಂಗೀತದ ಇತಿಹಾಸಕಾರರಿಗೆ ಬಿಟ್ಟದ್ದು. ಬಿಂಗ್ ಕ್ರಾಸ್ಬಿ ಹೆಸರಿರುವ ಆ ರಚನಕಾರರ ಪಟ್ಟಿಯಲ್ಲಿ ಅರ್ಲ್ ಯಂಗ್ ಹೆಸರಿಲ್ಲ.