ಅವ್ವನ ಫೈಲು ಮತ್ತು ಮೂರು ಕಂಪ್ಯೂಟರುಗಳು

ಮೊನ್ನೆ ದಾವಣಗೆರೆಗೆ ಹೋಗಿದ್ದೆ. ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಹೊಸ ಕಂಪ್ಯೂಟರ್ ಜೋಡಿಸಿಕೊಡೋದು ಈ ಸಲದ ಕೆಲಸ. ಮುಂದಿನ ಕೋಣೆಯೇ ಅಪ್ಪಾಜಿಯ ಆಫೀಸು. ನಾಲ್ಕಾರು ಅಂಗಡಿಗಳ ಲೆಕ್ಕ ಈಗಲೂ ಅವರೇ ಬರೀತಾರೆ. ಸಂಜೆಯಾದ ಮೇಲೆ ಆ ಕುರ್ಚಿ ಅವ್ವನದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದ್ರೆ ಅದು ಕೇಳುವ ಟಿಪಿಎಂ 2.0 ಭದ್ರತಾ ವ್ಯವಸ್ಥೆ ನಮ್ಮ ಹಳೇ ಮದರ್‌ಬೋರ್ಡಿನಲ್ಲಿ ಇಲ್ಲ. ಸರಿ, ಹೊಸದೇ ಆಗಲಿ ಅಂತ ಪಟ್ಟಿ ಮಾಡಿದೆ: ಸಾಧಾರಣ ಪ್ರೊಸೆಸರ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಕಣ್ಣಿಗೆ ಹಿತವಾಗುವ 24 ಇಂಚಿನ ಪರದೆ, ಮತ್ತೆ ಯುಪಿಎಸ್. ಎಲ್ಲಾ ಜೋಡಿಸಿ, ಹಳೇ ಫೈಲುಗಳನ್ನು ನಕಲು ಮಾಡಿ, ಬೆನ್ನು ತಟ್ಟಿಕೊಂಡೆ.

ಅವ್ವ ತನ್ನ ಫೈಲು ತೆಗೆದಳು. 'ಕ' ಇರಬೇಕಾದಲ್ಲಿ ಇಂಗ್ಲಿಷಿನ ಪಿ, 'ನ' ಇರಬೇಕಾದಲ್ಲಿ ಪೌಂಡಿನ ಗುರುತು, ಎಲ್ಲಿ ನೋಡಿದರೂ ತಲೆ ಮೇಲೆ ಗೀಟು ಹೊತ್ತ ಎ ಅಕ್ಷರ.

"ಏನಪ್ಪಾ ಇದು, ನಮ್ಮವ್ವನ ಪದ ಎಲ್ಲಿ ಹೋದ್ವು?"

ಅದು ಅಜ್ಜಿ ಮದುವೆಮನೆಗಳಲ್ಲಿ ಹಾಡ್ತಿದ್ದ ಸೋಬಾನೆ ಪದಗಳ ಫೈಲು. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಸಾಲು ಹೇಳಿಸಿ ಅವ್ವ ಟೈಪ್ ಮಾಡಿದ್ದಳು. ಅಜ್ಜಿ ಈಗಿಲ್ಲ. ಬೇರೆ ಪ್ರತಿಯೂ ಇಲ್ಲ.

ಇದಕ್ಕೆ ಕಾರಣ ತಿಳಿಯಬೇಕಾದರೆ ನಮ್ಮ ಮೊದಲ ಕಂಪ್ಯೂಟರಿಗೆ ಹೋಗಬೇಕು. ಅದು 2004. ಪೆಂಟಿಯಂ 4, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್‌ಡಿಸ್ಕ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ಬಿಡಿಭಾಗ ಕೊಂಡು, ರಾತ್ರಿ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದಿದ್ದೆ. ಮಾನಿಟರ್ ಮತ್ತು ಯುಪಿಎಸ್ ಮಾತ್ರ ಊರಲ್ಲೇ ಕೊಂಡಿದ್ದು. "ಕೆಟ್ರೆ ಬೆಂಗಳೂರಿಗೆ ಹೊರೋರ‍್ಯಾರು?" ಅಂದಿದ್ದರು ಅಪ್ಪಾಜಿ. ಅವರ ಎರಡನೇ ಪ್ರಶ್ನೆಗೆ ಮಾತ್ರ ನನ್ನ ಪಟ್ಟಿಯಲ್ಲಿ ಉತ್ತರ ಇರಲಿಲ್ಲ: "ಇದರಾಗೆ ಕನ್ನಡ ಬರೀಬಹುದೋ ಇಲ್ಲೋ?"

ಪ್ರೊಸೆಸರಿನ ಹಾಗೆ ಕನ್ನಡ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅದನ್ನು ಬೇರೆ ಯಾರೋ ನಮಗಾಗಿ ಮಾಡಿಟ್ಟಿರಬೇಕಿತ್ತು. ಮಾಡಿಟ್ಟಿದ್ದರು ಕೂಡ. ಇಂಗ್ಲಿಷ್ ಕೀಲಿಮಣೆಯ ಮೇಲೇ ಇಡೀ ಕನ್ನಡ ಕೂರುವಂತೆ ಧ್ವನಿಗೆ ತಕ್ಕ ವಿನ್ಯಾಸ ರೂಪಿಸಿದವರು ಕೆ.ಪಿ. ರಾವ್. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ, ಒತ್ತಕ್ಷರಕ್ಕೆ ನಡುವೆ ಎಫ್. ತಮ್ಮ 'ಸೇಡಿಯಾಪು' ತಂತ್ರಾಂಶವನ್ನು ಅವರು ಪುಕ್ಕಟೆಯಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ತಂದರು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಸರ್ಕಾರಿ ಕಚೇರಿಗಳಿಗೂ ಹೋಯಿತು. ಅರ್ಜಿ, ಪತ್ರ ಎಲ್ಲಾ ನುಡಿಯಲ್ಲೇ ಓಡಾಡುತ್ತಿದ್ದ ಕಾಲ, ಹಾಗಾಗಿ ನಮ್ಮನೆಗೂ ನುಡಿಯೇ. ಅವ್ವ ಎರಡು ವಾರದಲ್ಲಿ ಕಲಿತಳು.

ಆದರೆ ಒಂದು ಗುಟ್ಟಿತ್ತು. ಆ ಕಾಲದ ಫಾಂಟುಗಳು ಕಂಪ್ಯೂಟರಿಗೆ ಕನ್ನಡ ಕಲಿಸಿರಲಿಲ್ಲ, ಇಂಗ್ಲಿಷಿಗೆ ಕನ್ನಡದ ಅಂಗಿ ತೊಡಿಸಿದ್ದವು ಅಷ್ಟೇ. ನುಡಿಯಲ್ಲಿ 'ನ' ಅಂದರೆ ಎರಡು ತುಂಡು: ಅಕ್ಷರದ ಮೈಗೆ 163, ತಲೆಕಟ್ಟಿಗೆ 192. 163 ಅಂದರೆ ಪಾಶ್ಚಾತ್ಯ ಕೋಷ್ಟಕದಲ್ಲಿ ಪೌಂಡಿನ ಗುರುತು. ನುಡಿ ಫಾಂಟ್ ಇದ್ದರೆ ಅದು 'ನ', ಇಲ್ಲದಿದ್ದರೆ ಬ್ರಿಟಿಷರ ದುಡ್ಡು!

ಇದಕ್ಕೆ ಪರಿಹಾರ ಆಗಲೇ ಹುಟ್ಟಿತ್ತು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ಕಾಯ್ದಿರಿಸಿದ್ದರು. ಅಲ್ಲಿ 'ಕ' ಅಂದರೆ 3221, 'ನ' ಅಂದರೆ 3240. ಆ ಸಂಖ್ಯೆ ಬೇರೆ ಯಾವ ಭಾಷೆಯ ಅಕ್ಷರಕ್ಕೂ ಇಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಇತ್ತು. ಆದರೆ ಸೆಟ್ಟಿಂಗಿನ ಒಳಗೆಲ್ಲೋ ಒಂದು ಗುರುತು ಹಾಕಿ, ಎಕ್ಸ್‌ಪಿ ಸಿಡಿಯನ್ನು ಮತ್ತೆ ಹಾಕಿದರೇನೇ ಕನ್ನಡ ಸರಿಯಾಗಿ ಕೂಡಿಕೊಳ್ಳೋದು. ಜೊತೆಗೆ ಬಂದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಎನ್ ಒತ್ತಿದರೆ 'ಲ' ಬರುತ್ತಿತ್ತು. ನಾನು ಬ್ಲಾಗಿಗಾಗಿ ಬೆಂಗಳೂರಿನಲ್ಲಿ ಯುನಿಕೋಡ್ ಕಲಿತೆ, ನಿಮ್ಮೆಲ್ಲರ ಹಾಗೆ. ಅಪ್ಪ ಅವ್ವನಿಗೆ ಕಲಿಸುವ ತಾಳ್ಮೆ ಮಾತ್ರ ಇರಲಿಲ್ಲ. "ನುಡಿ ನಡೀತಿದೆಯಲ್ಲ, ಇರ್ಲಿ ಬಿಡಿ" ಅಂದಿದ್ದೆ.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ಮುಗಿಯಿತು. ಎರಡನೇ ಕಂಪ್ಯೂಟರ್ ಬಂತು. ಅದಕ್ಕೂ ನುಡಿ ಹಾಕಿದೆ, ಫೈಲು ತೆರೆಯಿತು, ವಿಷಯ ಮರೆತೆ. ಈ ಸಲ ಹಾಕೋದು ಮರೆತೆ, ಫೈಲು ಮಾತಾಡಿತು.

ಫಾಂಟ್ ಒಂದು ಹಾಕಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಅವ್ವನ ಮುಂದಿನ ಮಾತು ಅದಕ್ಕೂ ಬಿಡಲಿಲ್ಲ: "ನಿನ್ ತಂಗಿ ಮೊಬೈಲಿಗೆ ಕಳಿಸು, ಅವಳ ಮಗಳ ಮದ್ವೆ ಹೊತ್ತಿಗೆ ಹಾಡೋಕೆ ಬೇಕು." ತಂಗಿಯ ಮೊಬೈಲಿಗೆ ನುಡಿಯ ಹಳೇ ಫಾಂಟ್ ಗೊತ್ತಿಲ್ಲ. ಅದಕ್ಕೆ ಯುನಿಕೋಡೇ ಆಗಬೇಕು.

ಕನ್ನಡದ ಆಸಕ್ತರು ಬರೆದು ಪುಕ್ಕಟೆ ಬಿಟ್ಟಿರುವ ಪರಿವರ್ತಕ ಇಲ್ಲೂ ಕೈ ಹಿಡಿಯಿತು. ಒಂದೇ ಕ್ಷಣಕ್ಕೆ ಪೌಂಡುಗಳೆಲ್ಲ ಮಾಯ, ಕನ್ನಡ ಪ್ರತ್ಯಕ್ಷ. ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು, ಕೆಲವು ದೀರ್ಘ ಹಾರಿಹೋಗಿದ್ದವು. ಅದನ್ನು ತಿದ್ದಲು ಅವ್ವ ಕೂತಳು. ಕಣ್ಣಿನಲ್ಲಿ ಓದಿ ಅಲ್ಲ, ಬಾಯಲ್ಲಿ ಹಾಡಿ ತಿದ್ದಿದಳು. ರಾಗ ಎಡವಿದ ಕಡೆ ಅಕ್ಷರ ತಪ್ಪಿರುತ್ತಿತ್ತು. ಎರಡು ಸಂಜೆ ಹಿಡಿಯಿತು. ಲೆಕ್ಕದ ಪುಸ್ತಕ ಬದಿಗಿಟ್ಟು ಅಪ್ಪಾಜಿಯೂ ಕೇಳುತ್ತಾ ಕೂತಿದ್ದರು.

ಈ ಮೂರು ಪೆಟ್ಟಿಗೆಗಳ ಭಾಗಗಳಿಗೆ ನಾನು ಎಷ್ಟು ತಲೆ ಕೆಡಿಸಿಕೊಂಡಿದ್ದೆ! ಆ ಪೆಂಟಿಯಂ, ಆ ಹಾರ್ಡ್‌ಡಿಸ್ಕ್ ಎಲ್ಲಾ ಗುಜರಿಗೆ ಹೋದವು. ನಮ್ಮ ದುಡ್ಡಿಲ್ಲದೆ ಯಾರೋ ಮಾಡಿಕೊಟ್ಟ ಕನ್ನಡ ಉಳಿಯಿತು. ಅದನ್ನೂ ನನ್ನ ಉದಾಸೀನ ಇನ್ನೇನು ಕಳೆಯುತ್ತಿತ್ತು.

ನಿಮ್ಮ ಊರಿನ ಮನೆಯಲ್ಲೂ ಹಳೇ ಕಂಪ್ಯೂಟರ್ ಇದೆಯಾ? ಗುಜರಿಯವನು ಬರುವ ಮೊದಲು ಒಮ್ಮೆ ತೆರೆದು ನೋಡಿ. ಪೌಂಡಿನ ಗುರುತು ಕಂಡರೆ ಅಳಿಸಬೇಡಿ. ಅದರ ಒಳಗೆ ಯಾರದೋ ಅಜ್ಜಿ ಇರಬಹುದು.