ಮೊದಲು ಮನೆ, ಆಮೇಲೆ ಮದ್ದು: ಅಮೆರಿಕದಲ್ಲಿ ಸೂರಿಲ್ಲದ ಮಾಜಿ ಸೈನಿಕರ ಆರೈಕೆ

ಪ್ರತಿ ಜನವರಿಯ ಕೊನೆಯ ದಿನಗಳಲ್ಲಿ ಅಮೆರಿಕದ ಊರೂರುಗಳಲ್ಲಿ ಒಂದು ರಾತ್ರಿ ಸೂರಿಲ್ಲದವರ ಎಣಿಕೆ ನಡೆಯುತ್ತದೆ. ಸ್ವಯಂಸೇವಕರು ಟಾರ್ಚ್ ಹಿಡಿದು ಸೇತುವೆಗಳ ಕೆಳಗೆ, ಪಾರ್ಕುಗಳಲ್ಲಿ, ನಿಲ್ಲಿಸಿದ ಕಾರುಗಳೊಳಗೆ ಮಲಗಿದವರನ್ನು ಲೆಕ್ಕ ಹಾಕುತ್ತಾರೆ. 2024ರ ಎಣಿಕೆಯಲ್ಲಿ ಮಾಜಿ ಸೈನಿಕರು 32,882 ಮಂದಿ ಇದ್ದರು. 2010ರಲ್ಲಿ ಈ ಸಂಖ್ಯೆ ಸುಮಾರು 74,000. ಅದೇ 2024ರಲ್ಲಿ ದೇಶದ ಒಟ್ಟು ಸೂರಿಲ್ಲದವರು 7,71,480ಕ್ಕೆ ಏರಿ ಹೊಸ ದಾಖಲೆಯಾಗಿತ್ತು. ಉಳಿದವರೆಲ್ಲರ ಸಂಖ್ಯೆ ಹೆಚ್ಚುತ್ತಿರುವಾಗ ಸೈನಿಕರ ಸಂಖ್ಯೆ ಮಾತ್ರ ಅರ್ಧಕ್ಕಿಂತ ಕೆಳಗಿಳಿದದ್ದು ತಾನಾಗಿ ಆದದ್ದಲ್ಲ.

ಹಳೆಯ ಹೊಣೆ

1865ರ ಮಾರ್ಚ್‌ನಲ್ಲಿ ಅಧ್ಯಕ್ಷ ಲಿಂಕನ್, ಅಂತರ್ಯುದ್ಧದಲ್ಲಿ ಅಂಗವಿಕಲರಾದ ಸೈನಿಕರಿಗೆ ರಾಷ್ಟ್ರೀಯ ನಿವಾಸಗಳನ್ನು ಕಟ್ಟುವ ಕಾನೂನಿಗೆ ಸಹಿ ಹಾಕಿದರು. ಮೊದಲ ನಿವಾಸ ಮೇನ್ ರಾಜ್ಯದ ಟೋಗಸ್‌ನಲ್ಲಿ 1866ರಲ್ಲಿ ತೆರೆಯಿತು. ಊಟ, ವಸತಿ, ವೈದ್ಯ ಮೂರೂ ಒಂದೇ ಆವರಣದಲ್ಲಿ ಸಿಗುತ್ತಿದ್ದವು.

ಬೀದಿಗೆ ಬಂದವರ ಪ್ರಶ್ನೆ ಮತ್ತೆ ದೊಡ್ಡದಾಗಿ ಎದ್ದದ್ದು ವಿಯೆಟ್ನಾಂ ಯುದ್ಧದ ನಂತರ. ಯುದ್ಧ ಮನಸ್ಸಿನಲ್ಲಿ ಉಳಿಸುವ ಆಘಾತಕ್ಕೆ ಪಿಟಿಎಸ್‌ಡಿ ಎಂಬ ಹೆಸರು ವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದೇ 1980ರಲ್ಲಿ. ಅಷ್ಟರಲ್ಲಿ ಕುಡಿತ, ಮಾದಕವಸ್ತು, ಮುರಿದ ಸಂಸಾರ, ಕೈತಪ್ಪಿದ ಕೆಲಸ ಒಂದರ ಹಿಂದೊಂದು ಬಂದು ಅನೇಕರು ಬೀದಿಪಾಲಾಗಿದ್ದರು. ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ, ಅವರಿಗೆಂದೇ ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದು 1987ರಲ್ಲಿ.

ಹುಡುಕಿಕೊಂಡು ಹೋಗುವ ಆಸ್ಪತ್ರೆ

ಬೀದಿಯಲ್ಲಿರುವವರು ಅಪಾಯಿಂಟ್‌ಮೆಂಟ್ ಹಿಡಿದು ಆಸ್ಪತ್ರೆಗೆ ಬರುವುದಿಲ್ಲ. ಫೋನ್ ಇರುವುದಿಲ್ಲ, ಸಾಮಾನು ಬಿಟ್ಟು ಬರಲು ಜಾಗವಿರುವುದಿಲ್ಲ. ಆದ್ದರಿಂದ ಸಮಾಜ ಕಾರ್ಯಕರ್ತರೇ ಅವರಿರುವಲ್ಲಿಗೆ ಹೋಗುತ್ತಾರೆ. ಕೆಲವು ವಿಎ ಕೇಂದ್ರಗಳಲ್ಲಿ ಇವರಿಗಾಗಿಯೇ ವಿಶೇಷ ತಂಡಗಳಿವೆ. ಹೇಳದೆ ಕೇಳದೆ ಬಂದರೂ ನೋಡುತ್ತಾರೆ. ವೈದ್ಯರು, ನರ್ಸ್, ಮನೋವೈದ್ಯರು, ವಸತಿ ನೋಡಿಕೊಳ್ಳುವವರು ಒಂದೇ ಕಡೆ ಸಿಗುತ್ತಾರೆ.

1988ರಲ್ಲಿ ಸ್ಯಾನ್ ಡಿಯಾಗೋದ ವಿಯೆಟ್ನಾಂ ಯೋಧರು ಶುರುಮಾಡಿದ 'ಸ್ಟ್ಯಾಂಡ್ ಡೌನ್' ಶಿಬಿರ ನನಗೆ ಇವೆಲ್ಲಕ್ಕಿಂತ ಹೆಚ್ಚು ಮನಮುಟ್ಟುತ್ತದೆ. ಕಾದಾಡುವ ತುಕಡಿಯನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಿ ವಿಶ್ರಾಂತಿ ಕೊಡುವ ಸೇನಾ ಪದ್ಧತಿಯನ್ನು ಅವರು ಬೀದಿಯವರಿಗೆ ಅನ್ವಯಿಸಿದರು. ಮೂರು ದಿನ ಡೇರೆಯಲ್ಲಿ ಸ್ನಾನ, ಒಗೆದ ಬಟ್ಟೆ, ಬಿಸಿ ಊಟ, ವೈದ್ಯರ ತಪಾಸಣೆ. ಮರುವರ್ಷ ನ್ಯಾಯಾಲಯವೂ ಅಲ್ಲಿಗೇ ಬಂತು. ಸಣ್ಣಪುಟ್ಟ ಹಳೆಯ ಕೇಸುಗಳು ತಲೆಯ ಮೇಲಿದ್ದರೆ ಕೆಲಸವೂ ಸಿಗದು, ಬಾಡಿಗೆ ಮನೆಯೂ ಸಿಗದು. ಅವನ್ನು ಇತ್ಯರ್ಥ ಮಾಡುವುದೂ ಪುನರ್ವಸತಿಯೇ.

ಬಾಡಿಗೆ ಚೀಟಿ

ಮೊದಲು ಕುಡಿತ ಬಿಡು, ಚಿಕಿತ್ಸೆ ಮುಗಿಸು, ಆಮೇಲೆ ಮನೆ ಎಂಬುದು ಹಳೆಯ ಕ್ರಮ. ಇದು ಕ್ರಮೇಣ ತಲೆಕೆಳಗಾಯಿತು. ಬಾಗಿಲು ಹಾಕಿಕೊಂಡು ಮಲಗಲಾಗದವನಿಗೆ ನಿದ್ದೆ ಎಲ್ಲಿಯದು? ಇನ್ಸುಲಿನ್ ತಂಪಾಗಿಡಲು ಫ್ರಿಜ್ ಎಲ್ಲಿಯದು? 1992ರಲ್ಲಿ ಸಣ್ಣದಾಗಿ ಆರಂಭವಾಗಿ 2008ರಿಂದ ದೊಡ್ಡದಾಗಿ ಬೆಳೆದ ಹಡ್-ವ್ಯಾಶ್ ಯೋಜನೆ ಈ ತಿಳಿವಳಿಕೆಯನ್ನೇ ಆಧರಿಸಿದೆ. ವಸತಿ ಇಲಾಖೆ ಬಾಡಿಗೆ ಚೀಟಿ ಕೊಡುತ್ತದೆ, ವಿಎ ಒಬ್ಬ ಕೇಸ್ ಮ್ಯಾನೇಜರನ್ನು ಕೊಡುತ್ತದೆ. ಬಾಡಿಗೆದಾರ ತನ್ನ ಆದಾಯದ ಸುಮಾರು ಶೇ. 30 ಕಟ್ಟಿದರೆ ಉಳಿದದ್ದನ್ನು ಸರ್ಕಾರ ಭರಿಸುತ್ತದೆ. ಹೀಗೆ ಕೊಟ್ಟ ಚೀಟಿಗಳು ಒಂದು ಲಕ್ಷ ದಾಟಿವೆ.

ರಾಬರ್ಟ್ ರೋಸೆನ್‌ಹೆಕ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 460 ಮಾಜಿ ಸೈನಿಕರಿದ್ದರು. ಚೀಟಿ ಮತ್ತು ಮ್ಯಾನೇಜರ್ ಎರಡೂ ಸಿಕ್ಕವರು, ಮ್ಯಾನೇಜರ್ ಮಾತ್ರ ಸಿಕ್ಕವರಿಗಿಂತ ಶೇ. 16ರಷ್ಟು ಹೆಚ್ಚು ದಿನ ಮನೆಯಲ್ಲಿದ್ದರು. ಬರೀ ಸಲಹೆ ಸಾಲದು, ಬಾಡಿಗೆಗೆ ದುಡ್ಡೂ ಬೇಕು.

ಮನೆ ಕಳೆದುಕೊಳ್ಳುವ ಅಂಚಿನಲ್ಲಿರುವ ಕುಟುಂಬಗಳಿಗೆ ಬಾಕಿ ಬಾಡಿಗೆ, ಅಡ್ವಾನ್ಸ್ ಹಣ ಕೊಡುವ ಯೋಜನೆ ಬೇರೆಯೇ ಇದೆ. ತಾತ್ಕಾಲಿಕ ವಸತಿ ನಡೆಸುವ ಸ್ಥಳೀಯ ಸಂಸ್ಥೆಗಳಿಗೂ ನೆರವಿದೆ.

ಹಲ್ಲಿನ ವಿಷಯ

ವಿಎ ಎಲ್ಲರಿಗೂ ಹಲ್ಲಿನ ಚಿಕಿತ್ಸೆ ಕೊಡುವುದಿಲ್ಲ. ಆದರೆ ನಿಗದಿತ ಪುನರ್ವಸತಿ ಕಾರ್ಯಕ್ರಮಗಳಲ್ಲಿ ಸತತ 60 ದಿನ ಉಳಿದವರಿಗೆ ಒಂದು ಬಾರಿ ಅಗತ್ಯ ಚಿಕಿತ್ಸೆ ಸಿಗುತ್ತದೆ. ಇದು ಚಿಕ್ಕ ಸೌಲಭ್ಯವಲ್ಲ. ಮುಂಭಾಗದ ಹಲ್ಲಿಲ್ಲದವರು ಸಂದರ್ಶನದಲ್ಲಿ ಬಾಯಿ ತೆರೆಯಲೂ ಅಳುಕುತ್ತಾರೆ.

ಹೊರಗುಳಿದವರು

ಶಿಸ್ತಿನ ಕಾರಣಕ್ಕೆ ಗೌರವಪೂರ್ವಕವಲ್ಲದ ರೀತಿಯಲ್ಲಿ ಸೇನೆಯಿಂದ ಹೊರಬಿದ್ದವರಿಗೆ ಬಹುಕಾಲ ಈ ಬಾಡಿಗೆ ಚೀಟಿ ಸಿಗುತ್ತಿರಲಿಲ್ಲ. ಯುದ್ಧದ ಆಘಾತವೇ ಕುಡಿತಕ್ಕೂ ಅಶಿಸ್ತಿಗೂ ಕಾರಣವಾಗಿರಬಹುದು; ಅಂಥವರನ್ನು ಬಿಟ್ಟಿದ್ದು ಅನ್ಯಾಯವೇ. 2021ರಲ್ಲಿ ಜಾರಿಗೆ ಬಂದ ಕಾನೂನು ಇವರಲ್ಲಿ ಅನೇಕರಿಗೆ ಹಡ್-ವ್ಯಾಶ್ ಬಾಗಿಲು ತೆರೆಯಿತು. ಸೇನೆಯೊಳಗೇ ಲೈಂಗಿಕ ದೌರ್ಜನ್ಯ ಅನುಭವಿಸಿ ಬಂದ ಮಹಿಳೆಯರಿಗೆ ಗಂಡಸರೇ ತುಂಬಿರುವ ಆಶ್ರಯತಾಣ ಸುರಕ್ಷಿತ ಎನಿಸದು. ಅವರಿಗೆ ಪ್ರತ್ಯೇಕ ವ್ಯವಸ್ಥೆ ಇನ್ನೂ ಎಲ್ಲೆಡೆ ಸಾಲುತ್ತಿಲ್ಲ.

ಲಾಸ್ ಏಂಜಲೀಸ್‌ನ ಜಮೀನು

1888ರಲ್ಲಿ ದಾನಿಗಳು ಸೈನಿಕರ ನಿವಾಸಕ್ಕೆಂದು ಕೊಟ್ಟ ವೆಸ್ಟ್ ಲಾಸ್ ಏಂಜಲೀಸ್‌ನ ನೆಲ ಇಂದು 388 ಎಕರೆಯ ವಿಎ ಆವರಣವಾಗಿದೆ. ಅದರ ಭಾಗಗಳನ್ನು ಖಾಸಗಿ ಶಾಲೆಯ ಆಟದ ಮೈದಾನಕ್ಕೆ, ವಿಶ್ವವಿದ್ಯಾಲಯದ ಬೇಸ್‌ಬಾಲ್ ಅಂಗಳಕ್ಕೆ ಗುತ್ತಿಗೆ ಕೊಡಲಾಗಿತ್ತು; ಮಾಜಿ ಸೈನಿಕರು ಬೇಲಿಯಾಚೆ ಡೇರೆ ಹಾಕಿ ಮಲಗುತ್ತಿದ್ದರು. 2011ರಲ್ಲಿ ಹೂಡಿದ ಮೊಕದ್ದಮೆ 2015ರಲ್ಲಿ ರಾಜಿಯಾಯಿತು, 1,200 ಮನೆಗಳ ಭರವಸೆ ಬಂತು. ಕೆಲಸ ನಿಧಾನವಾದ್ದರಿಂದ 2022ರಲ್ಲಿ ಮತ್ತೆ ದಾವೆ ಬಿತ್ತು. 2024ರ ಸೆಪ್ಟೆಂಬರ್‌ನಲ್ಲಿ, ವಿಯೆಟ್ನಾಂನಲ್ಲಿ ಗಾಯಗೊಂಡಿದ್ದ ಮಾಜಿ ಮರೀನ್ ಸೈನಿಕರೂ ಆದ ನ್ಯಾಯಾಧೀಶ ಡೇವಿಡ್ ಕಾರ್ಟರ್, ಆ ಗುತ್ತಿಗೆಗಳು ಅಕ್ರಮವೆಂದು ತೀರ್ಪಿತ್ತು, 750 ತಾತ್ಕಾಲಿಕ ಮನೆಗಳನ್ನೂ, ಮೊದಲು ಮಾತುಕೊಟ್ಟ 1,200ರ ಜೊತೆಗೆ ಇನ್ನೂ 1,800 ಕಾಯಂ ಮನೆಗಳನ್ನೂ ಕಟ್ಟಲು ಆದೇಶಿಸಿದರು. ವಿಎ ಮೇಲ್ಮನವಿ ಸಲ್ಲಿಸಿತು.